ಆ ಶೇ 60 ಹರಿಕೇನ್‌ನ ಸಾಧ್ಯತೆಯಲ್ಲ

ಮಾನ್ಯರೆ,

ಜೂನ್ ಬಂತೆಂದರೆ ವಿದೇಶ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಆಫ್ರಿಕಾ ಕರಾವಳಿಯಿಂದ ಅಟ್ಲಾಂಟಿಕ್‌ಗೆ ಇಳಿದ ಅಲೆಯೊಂದು ಹರಿಕೇನ್ ಆಗುವ ಸಾಧ್ಯತೆ ಶೇ 60 ಎಂಬ ಶೀರ್ಷಿಕೆ, ಕೆಳಗೆ ಫ್ಲೋರಿಡಾದತ್ತ ಬಾಣ ಎಳೆದ ನಕ್ಷೆ. ಮಕ್ಕಳು ಫ್ಲೋರಿಡಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ಓದುಗರು ಅದನ್ನು ನೋಡಿ ಫೋನಿಗೆ ಕೈ ಹಾಕುತ್ತಾರೆ. ಆ ಸುದ್ದಿಯಲ್ಲಿ ಸಂಖ್ಯೆಯ ಅರ್ಥವೂ ತಪ್ಪು, ಬಾಣದ ಅರ್ಥವೂ ತಪ್ಪು.

ಸಂಖ್ಯೆ ಬರುವುದು ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಮುನ್ನೋಟದಿಂದ. ನಕ್ಷೆಯಲ್ಲಿ ಬಣ್ಣ ತುಂಬಿದ ಪ್ರದೇಶದೊಳಗೆ ಎಲ್ಲಾದರೂ ಒಂದು ಕಡೆ, ಏಳು ದಿನಗಳೊಳಗೆ, ವಾಯುಭಾರ ಕುಸಿತವಾದರೂ ರೂಪುಗೊಳ್ಳುವ ಸಾಧ್ಯತೆ ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಕುಸಿತದಲ್ಲಿ ಗಾಳಿಯ ವೇಗ ಗಂಟೆಗೆ 61 ಕಿ.ಮೀ. ಮೀರುವುದಿಲ್ಲ. 63 ಮುಟ್ಟಿದರೆ ಉಷ್ಣವಲಯದ ಬಿರುಗಾಳಿ, ಆಗ ಹೆಸರು ಸಿಗುತ್ತದೆ. ಹರಿಕೇನ್ ಅನ್ನಿಸಿಕೊಳ್ಳಲು 119 ಬೇಕು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಕೊಟ್ಟ ಅಂಕವನ್ನು ಮೇಲಿನ ಮೆಟ್ಟಿಲಿಗೆ ಅಂಟಿಸಿ ಅಚ್ಚು ಹಾಕಲಾಗುತ್ತಿದೆ. ನೆಲಕ್ಕೆ ಅಪ್ಪಳಿಸುತ್ತದೆಯೇ ಎಂಬುದಕ್ಕಂತೂ ಈ ಸಂಖ್ಯೆಯಲ್ಲಿ ಉತ್ತರವೇ ಇಲ್ಲ.

ಅದೇ ನಕ್ಷೆಯಲ್ಲಿ ಗುಣಾಕಾರ ಚಿಹ್ನೆ ಇರುವಲ್ಲಿ ಈಗ ಅಲೆ ಇದೆ. ಅಲ್ಲಿಂದ ಬಣ್ಣದ ಪ್ರದೇಶಕ್ಕೆ ಎಳೆದ ಬಾಣ ‘ಈ ಅಲೆ ಆ ಪ್ರದೇಶದಲ್ಲಿ ರೂಪುಗೊಳ್ಳಬಹುದು’ ಎಂದು ಹೇಳುವ ಗುರುತೇ ಹೊರತು ಚಲಿಸುವ ದಾರಿಯ ಮುನ್ಸೂಚನೆಯಲ್ಲ. ಶೇ 40ಕ್ಕಿಂತ ಕಡಿಮೆಗೆ ಹಳದಿ, 40ರಿಂದ 60ಕ್ಕೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ಕೇಂದ್ರವು 48 ಗಂಟೆಗಳಿಗೊಂದು, ಏಳು ದಿನಗಳಿಗೊಂದು, ಹೀಗೆ ಎರಡು ಸಂಖ್ಯೆ ಕೊಡುತ್ತದೆ. ನಮ್ಮಲ್ಲಿ ಅಚ್ಚಾಗುವುದು ದೊಡ್ಡದೊಂದೇ. ಎರಡು ದಿನಕ್ಕೆ ಶೇ 10, ಏಳು ದಿನಕ್ಕೆ ಶೇ 60 ಎಂದರೆ ಇನ್ನೂ ಸಮಯವಿದೆ. ಎರಡೂ ಶೇ 60 ಎಂದರೆ ಬೆಳೆಯುವುದಿದ್ದರೆ ನಾಳೆ ನಾಡಿದ್ದರಲ್ಲೇ ಬೆಳೆಯುತ್ತದೆ. ಭಾರತೀಯ ಕಾಲಮಾನದಲ್ಲಿ ಈ ಮುನ್ನೋಟ ಬೆಳಿಗ್ಗೆ 5.30, 11.30, ಸಂಜೆ 5.30, ರಾತ್ರಿ 11.30ರ ಹೊತ್ತಿಗೆ ಹೊಸದಾಗುತ್ತದೆ. ಪುಟ ಮುಗಿಸುವ ಮುನ್ನ ಸಂಜೆಯದನ್ನು ನೋಡಲು ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಅಲೆ ಎಂದರೆ ಸಮುದ್ರದ ಅಲೆಯಲ್ಲ. ಸಹಾರಾದ ಬಿಸಿ ನೆಲಕ್ಕೂ ದಕ್ಷಿಣದ ಗಿನಿ ಕೊಲ್ಲಿಯ ತಂಪಿಗೂ ಇರುವ ಉಷ್ಣಾಂಶದ ಅಂತರದಿಂದ ಸುಮಾರು 3–4 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿಪ್ರವಾಹ ಹರಿಯುತ್ತದೆ. ಅದರಲ್ಲಿ ಏಳುವ ಬಳುಕೇ ಈ ಅಲೆ. ಉದ್ದ 2,000ದಿಂದ 2,500 ಕಿ.ಮೀ. ಹರಿಕೇನ್ ಋತುವಿನಲ್ಲಿ ಮೂರು ನಾಲ್ಕು ದಿನಕ್ಕೊಂದರಂತೆ ವರ್ಷಕ್ಕೆ ಸುಮಾರು 60 ಅಲೆಗಳು ಆಫ್ರಿಕಾ ಬಿಟ್ಟು ಹೊರಡುತ್ತವೆ. ಹೆಚ್ಚಿನವು ಒಂದಷ್ಟು ಮಳೆ ಸುರಿಸಿ ಮುಗಿಯುತ್ತವೆ. ಆದರೆ ಅಟ್ಲಾಂಟಿಕ್‌ನ ಭಾರೀ ಹರಿಕೇನ್‌ಗಳಲ್ಲಿ ಸುಮಾರು ಶೇ 85ರ ಮೂಲ ಇವೇ. ಹಾಗಾಗಿ ಇವುಗಳ ಮೇಲೆ ಕಣ್ಣಿಡುವುದು ವ್ಯರ್ಥ ಕೆಲಸವಲ್ಲ. ಕಣ್ಣಿಡುವ ಕ್ರಮ ಮಾತ್ರ ಸರಿಯಿರಬೇಕು.

ಮೋಡದ ಬೆನ್ನು ಹತ್ತಿದವರಿಗೆ ಅಲೆ ತಪ್ಪಿಹೋಗುತ್ತದೆ. ಸಂಜೆ ಕಂಡ ಗುಡುಗುಮೋಡದ ರಾಶಿ ಬೆಳಗಾಗುವುದರೊಳಗೆ ಕರಗಿ, ಇನ್ನೊಂದು ರಾಶಿ ಅಲೆಯ ಮುಂದೋ ಹಿಂದೋ ಎದ್ದಿರುತ್ತದೆ. ಅಲೆಯ ಅಕ್ಷ, ಅಂದರೆ ಅದರ ನಡುಗೆರೆ, ಇರುವ ಜಾಗವನ್ನು ತೋರಿಸುವುದು ಗಾಳಿಯ ದಿಕ್ಕು. ಆಫ್ರಿಕಾದ ಪಶ್ಚಿಮ ತುದಿಯಲ್ಲಿರುವ ಸೆನೆಗಲ್‌ನ ಡಕಾರ್‌ನಲ್ಲಿ ಹಾರಿಸುವ ಹವಾಮಾನ ಬಲೂನಿನ ವರದಿಯಲ್ಲಿ ಮೂರು ಕಿ.ಮೀ. ಎತ್ತರದ ಗಾಳಿ ಈಶಾನ್ಯದಿಂದ ಆಗ್ನೇಯಕ್ಕೆ ತಿರುಗಿದ ಹೊತ್ತೇ ಅಕ್ಷ ದಾಟಿದ ಹೊತ್ತು. ಅದನ್ನು ಬರೆದಿಟ್ಟುಕೊಂಡರೆ ಮುಂದಿನದು ಸರಳ ಲೆಕ್ಕ. 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ವೇಗದ ಅಲೆ ದಿನಕ್ಕೆ ಸುಮಾರು 670 ಕಿ.ಮೀ. ಸಾಗುತ್ತದೆ. ಆ ಅಕ್ಷಾಂಶದಲ್ಲಿ ಒಂದು ರೇಖಾಂಶ 109 ಕಿ.ಮೀ. ಇರುವುದರಿಂದ ಅದು ದಿನಕ್ಕೆ ಆರು ಡಿಗ್ರಿ. ಡಕಾರ್‌ನಿಂದ ಕೆರಿಬಿಯನ್‌ನ ಪೂರ್ವ ಅಂಚಿನ ಬಾರ್ಬಡೋಸ್‌ಗೆ 42 ಡಿಗ್ರಿ, ಏಳು ದಿನ. 20 ನಾಟ್ ಆದರೆ ಐದು ದಿನ ಚಿಲ್ಲರೆ. ದಿನದ ಪಟ್ಟಿಯಲ್ಲಿ ಅಲೆ ಇದ್ದಕ್ಕಿದ್ದಂತೆ ಹತ್ತು ಡಿಗ್ರಿ ಹಾರಿದ್ದು ಕಂಡರೆ ಅದು ಓಡಿದ್ದಲ್ಲ. ಹಿಂದಿನ ದಿನ ಬೇರೆ ಅಲೆಯನ್ನೋ, ಸಮಭಾಜಕದ ಬಳಿ ಇದ್ದಲ್ಲೇ ಇರುವ ಮೋಡದ ಪಟ್ಟಿಯನ್ನೋ ಇದೇ ಎಂದು ಗುರುತಿಸಿರುತ್ತಾರೆ.

ಜೂನ್–ಜುಲೈನಲ್ಲಿ ಬಹಳಷ್ಟು ಅಲೆಗಳು ಬೆಳೆಯದಿರಲು ಕಾರಣ ಒಂದಲ್ಲ. ಸಮುದ್ರದ ನೀರು 26.5 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. ಸಾಮಾನ್ಯ ವರ್ಷಗಳಲ್ಲಿ ಆಫ್ರಿಕಾ ಕರಾವಳಿಯಾಚೆಯ ಕೇಪ್ ವರ್ಡೆ ದ್ವೀಪಗಳಿಂದ ಪಶ್ಚಿಮದ ಬಹುಭಾಗ ಜೂನ್‌ನಲ್ಲಿ ಈ ಗೆರೆಯ ಆಚೀಚೆಯಲ್ಲೇ ತೂಗಾಡುತ್ತದೆ. ಸುಮಾರು ಒಂದೂವರೆ ಕಿ.ಮೀ.ಯಿಂದ ಐದಾರು ಕಿ.ಮೀ. ಎತ್ತರದವರೆಗೆ ಸಹಾರಾದ ಒಣ, ದೂಳು ತುಂಬಿದ ಗಾಳಿಯ ಪದರ ಹರಡಿಕೊಂಡಿರುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅದರ ಅಬ್ಬರ ಹೆಚ್ಚು. ಮೋಡದೊಳಗೆ ಒಣಗಾಳಿ ಸೇರಿದರೆ ಹನಿಗಳು ಆವಿಯಾಗಿ ಗಾಳಿ ತಣಿಯುತ್ತದೆ, ಭಾರವಾಗಿ ಕೆಳಗೆ ಕುಸಿಯುತ್ತದೆ, ಮೇಲೇರುತ್ತಿದ್ದ ಬಿಸಿಗಾಳಿಯ ಉಸಿರು ಅಲ್ಲಿಗೆ ಕಟ್ಟುತ್ತದೆ. ಇನ್ನು ವಿಂಡ್ ಶಿಯರ್. ಒಂದೂವರೆ ಕಿ.ಮೀ. ಎತ್ತರದ ಗಾಳಿಗೂ ಹನ್ನೆರಡು ಕಿ.ಮೀ. ಎತ್ತರದ ಗಾಳಿಗೂ ವ್ಯತ್ಯಾಸ 20 ನಾಟ್ ದಾಟಿದರೆ ಗುಡುಗುಮೋಡ ಒಂದು ಕಡೆ, ಸುಳಿ ಇನ್ನೊಂದು ಕಡೆ. 10 ನಾಟ್‌ಗಿಂತ ಕಡಿಮೆಯಿದ್ದರೆ ಅನುಕೂಲ.

ಇವೆಲ್ಲ ವರದಿಗಳಲ್ಲಿ ಅಲ್ಲಲ್ಲಿ ಬರುತ್ತವೆ. ಯಾರೂ ಹೇಳದ ಕಾರಣ ಅಲೆಯ ಓಟದ ವೇಗ. ನಮ್ಮ ದೃಷ್ಟಿಯಲ್ಲಿ ಋತುವಿನ ಆರಂಭದಲ್ಲಿ ಅದಕ್ಕೇ ಹೆಚ್ಚು ತೂಕ. ಕುಸಿತ ಎಂದು ಘೋಷಿಸಬೇಕಾದರೆ ಸಮುದ್ರ ಮಟ್ಟದಲ್ಲಿ ಗಾಳಿ ಪೂರ್ತಿ ಒಂದು ಸುತ್ತು ಹಾಕಬೇಕು. ಅಂದರೆ ಸುಳಿಯ ಕೇಂದ್ರದ ದಕ್ಷಿಣಕ್ಕೆ ಪಶ್ಚಿಮದಿಂದ ಬೀಸುವ ಗಾಳಿ ಸಿಗಬೇಕು. ಹಾಗಾದಾಗ ಕೇಂದ್ರ ಮುಚ್ಚಿದೆ ಎನ್ನುತ್ತಾರೆ. ಇಡೀ ವ್ಯವಸ್ಥೆಯೇ ಗಂಟೆಗೆ 35 ಕಿ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಓಡುತ್ತಿದ್ದರೆ ಸುಳಿಯೊಳಗಿನ ಪಶ್ಚಿಮದ ಗಾಳಿ 35ನ್ನು ಮೀರಿದಾಗಲೇ ಹಡಗಿನಲ್ಲಿರುವವರಿಗೆ ಅದು ಪಶ್ಚಿಮದ ಗಾಳಿಯಾಗಿ ಗೊತ್ತಾಗುವುದು. ಅಲ್ಲಿಯವರೆಗೆ ದಕ್ಷಿಣದಲ್ಲಿ ಮಂದವಾದ ಪೂರ್ವದ ಗಾಳಿ ಮಾತ್ರ. ಉಪಗ್ರಹ ಚಿತ್ರದಲ್ಲಿ ಮೋಡ ಎಷ್ಟೇ ಚಂದ ಸುತ್ತಿದಂತೆ ಕಂಡರೂ ಕೆಳಗೆ ಅದು ಬಾಯಿ ತೆರೆದ ಅಲೆಯೇ.

2022ರ ಜೂನ್ ಕೊನೆಯಲ್ಲಿ ಇದೇ ಆಯಿತು. 94ಎಲ್ ಎಂಬ ಗುರುತಿನ ಅಲೆಗೆ ಜೂನ್ 27ರಂದೇ ‘ಸಂಭಾವ್ಯ ಚಂಡಮಾರುತ ಎರಡು’ ಎಂಬ ಹೆಸರಿನಲ್ಲಿ ಎಚ್ಚರಿಕೆ ಶುರುವಾಯಿತು. ಕೆರಿಬಿಯನ್‌ನ ಪೂರ್ವ ಅಂಚಿನ ವಿಂಡ್‌ವರ್ಡ್ ದ್ವೀಪಗಳನ್ನು ದಾಟಿ, ದಕ್ಷಿಣ ಅಮೆರಿಕದ ಉತ್ತರ ಕರಾವಳಿಯನ್ನು ಸವರಿಕೊಂಡು ಓಡಿದ ಅದು ಬಾನಿ ಎಂಬ ಬಿರುಗಾಳಿಯಾದದ್ದು ಜುಲೈ 1ರಂದು, ನಿಕರಾಗುವಾ ಕರಾವಳಿಯ ಸಮೀಪ. ಅಂದಹಾಗೆ 94 ಎಂಬುದು ಬಲದ ಅಳತೆಯಲ್ಲ. 90ರಿಂದ 99ರವರೆಗಿನ ಸಂಖ್ಯೆಗಳನ್ನು ಸರದಿಯಂತೆ ಕೊಡುತ್ತಾರೆ. ‘ಎಲ್’ ಅಟ್ಲಾಂಟಿಕ್‌ನ ಗುರುತು. ‘95ಎಲ್ ಈಗ ಇನ್ನಷ್ಟು ಪ್ರಬಲ’ ಎಂದು ಬರೆದರೆ ಬಸ್ಸಿನ ನಂಬರ್ ನೋಡಿ ಅದರ ವೇಗ ಹೇಳಿದ ಹಾಗೆ.

ಪೂರ್ವ ಕೆರಿಬಿಯನ್‌ನಲ್ಲಿ ವಾಣಿಜ್ಯ ಮಾರುತಗಳು ಮತ್ತಷ್ಟು ವೇಗ ಪಡೆಯುತ್ತವೆ. ಮುಂದಿನ ಗಾಳಿ ಹಿಂದಿನದಕ್ಕಿಂತ ಬೇಗ ಓಡಿದರೆ ನಡುವೆ ತೆರವಾಗುತ್ತದೆ. ಆ ತೆರವು ತುಂಬಲು ಮೇಲಿನ ಗಾಳಿ ಇಳಿಯುತ್ತದೆ, ಮೋಡ ಸೊರಗುತ್ತದೆ. ಈ ಪೂರ್ವ ಅಂಚಿನ ದ್ವೀಪಗಳನ್ನು ದಾಟುವಾಗ ಮುಚ್ಚಿದ ಕೇಂದ್ರ ಇಲ್ಲದ ಅಲೆ ಪಶ್ಚಿಮ ಕೆರಿಬಿಯನ್ ತಲುಪುವವರೆಗೆ ಸಾಮಾನ್ಯವಾಗಿ ಬೆಳೆಯದು ಎಂಬ ಅನುಭವದ ಸೂತ್ರ ಹವಾಮಾನ ತಜ್ಞ ಜಾನ್ ಹೋಪ್ ಹೆಸರಿನಲ್ಲಿ ಬಳಕೆಯಲ್ಲಿದೆ. ಬಾನಿ ಅದಕ್ಕೆ ತಕ್ಕಂತೆಯೇ ನಡೆದುಕೊಂಡಿತು.

ಕೇಂದ್ರ ಮುಚ್ಚಿದೆಯೇ ಎಂದು ತಿಳಿಯಲು ಮೂರು ನಾಲ್ಕು ಸಾಧನಗಳಿವೆ. ಯುರೋಪಿನ ಮೆಟಾಪ್ ಉಪಗ್ರಹಗಳಲ್ಲಿರುವ ಆಸ್ಕ್ಯಾಟ್ ಉಪಕರಣ ಸಮುದ್ರದ ಮೇಲ್ಮೈ ಗಾಳಿಯನ್ನು ಅಳೆಯುತ್ತದೆ. ಆದರೆ ಅದು ಕಾಣುವುದು ತಲಾ 500 ಕಿ.ಮೀ.ಗಿಂತ ತುಸು ಹೆಚ್ಚು ಅಗಲದ ಎರಡು ಪಟ್ಟಿಗಳನ್ನು. ನಡುವೆ ದೊಡ್ಡ ಖಾಲಿ. ಬೇಕಾದ ಸುಳಿ ಆ ಖಾಲಿಯಲ್ಲೇ ಬೀಳುವುದು ಮಾಮೂಲು. ಬಾರ್ಬಡೋಸ್‌ನ ಪೂರ್ವಕ್ಕೆ 41041 ಮತ್ತು 41040 ಎಂಬ ತೇಲು ಮಾಪಕಗಳಿವೆ. ಅಲ್ಲಿ ಗಾಳಿ ಈಶಾನ್ಯದಿಂದ ಉತ್ತರಕ್ಕೆ, ಆಮೇಲೆ ವಾಯವ್ಯಕ್ಕೆ ತಿರುಗಿ, ಒತ್ತಡವೂ ದಿನದ ಸಹಜ ಏರಿಳಿತ ಮೀರಿ ಇಳಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಆ ಸಹಜ ಏರಿಳಿತವನ್ನು ಕಳೆಯದೆ ‘ಒತ್ತಡ ಕುಸಿಯಿತು’ ಎನ್ನುವವರು ಬಹಳ. ಹಾಗಾಗಿ ಹಿಂದಿನ ದಿನದ ಅದೇ ಗಂಟೆಯ ಅಂಕಿಯೊಂದಿಗೇ ಹೋಲಿಸಬೇಕು. ಸಮುದ್ರದ ಮೇಲೆ ಗುಡುಗುಮೋಡ ಬೆಳಗಿನ ಜಾವ ಸಹಜವಾಗಿಯೇ ಉಕ್ಕುತ್ತದೆ, ಮಧ್ಯಾಹ್ನದ ಮೇಲೆ ಇಳಿಯುತ್ತದೆ. ಆ ಇಳಿಮುಖದಲ್ಲೂ ಅದೇ ಕೇಂದ್ರಕ್ಕೆ ಅಂಟಿಕೊಂಡು ಉಳಿದ ಮೋಡಕ್ಕೆ ಬೆಲೆ. ದ್ವೀಪಗಳ ಹತ್ತಿರ ಬಂದ ಮೇಲೆ ಅಮೆರಿಕದ ವಾಯುಪಡೆಯ ಡಬ್ಲ್ಯುಸಿ–130ಜೆ ವಿಮಾನಗಳು ಸುಳಿಯೊಳಗೇ ಹೋಗಿ ಅಳೆಯುತ್ತವೆ; ವಾದ ಅಲ್ಲಿಗೆ ಮುಗಿಯುತ್ತದೆ.

ಇನ್ನು ಬಣ್ಣಬಣ್ಣದ ಗೆರೆಗಳ ನಕ್ಷೆಗಳು. ಕಂಪ್ಯೂಟರ್ ಮಾದರಿಗಳು ದಾರಿ ಎಳೆಯಲು ಒಂದು ಆರಂಭದ ಬಿಂದು ಬೇಕು. ಕೇಂದ್ರವೇ ಇಲ್ಲದಾಗ ಆ ಬಿಂದು ಅಂದಾಜು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ದುರ್ಬಲ ಅಲೆಯನ್ನು ಕೆಳಮಟ್ಟದ ವಾಣಿಜ್ಯ ಮಾರುತ ನೇರ ಪಶ್ಚಿಮಕ್ಕೆ ತಳ್ಳುತ್ತದೆ. ಎತ್ತರಕ್ಕೆ ಬೆಳೆದ ಬಿರುಗಾಳಿ ಮೇಲ್‌ಸ್ತರದ ಗಾಳಿಗೂ ಸಿಕ್ಕಿ ಉತ್ತರಕ್ಕೆ ಬಾಗಬಹುದು. ದಾರಿ ತಿಳಿಯಬೇಕಾದರೆ ಎಷ್ಟು ಬೆಳೆಯುತ್ತದೆ ಎಂಬುದು ಮೊದಲು ತಿಳಿಯಬೇಕು. ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ ನಾಲ್ಕು ಬಾರಿ ಓಡುತ್ತದೆ. ಜೂನ್‌ನಲ್ಲಿ ಹತ್ತು ಹನ್ನೆರಡು ದಿನ ಮುಂದಕ್ಕೆ ಪಶ್ಚಿಮ ಕೆರಿಬಿಯನ್‌ನಲ್ಲಿ ಇಲ್ಲದ ಹರಿಕೇನ್ ಹುಟ್ಟಿಸುವುದು ಅದರ ಹಳೆಯ ಚಾಳಿ. ಆರು ಗಂಟೆ ಬಿಟ್ಟು ನೋಡಿದರೆ ಅದು ಮಾಯ. ಒಂದೇ ಓಟದ ಚಿತ್ರ ಸುದ್ದಿಯಲ್ಲ. ಯುರೋಪಿನ ಹವಾಮಾನ ಕೇಂದ್ರದ ಮಾದರಿಯ 51 ಓಟಗಳ ಗುಂಪಿನಲ್ಲಿ ಎಷ್ಟು ಓಟಗಳು ಅದೇ ಅಲೆಯನ್ನು ಅದೇ ದಿನಗಳಲ್ಲಿ ಬೆಳೆಸುತ್ತಿವೆ, ದಿನ ಕಳೆದಂತೆ ಆ ಗಳಿಗೆ ಹತ್ತಿರವಾಗುತ್ತಿದೆಯೇ, ಅಥವಾ ಸದಾ ‘ಇನ್ನು ಎಂಟು ದಿನ’ ಎಂದೇ ಮುಂದೂಡುತ್ತಿದೆಯೇ ಎಂದು ನೋಡಬೇಕು.

ಹಾಗೆಂದು ಜೂನ್ ತಾನೇ ಎಂದು ಸುಮ್ಮನಿರುವಂತಿಲ್ಲ. 1991–2020ರ ಸರಾಸರಿಯಂತೆ ಮೊದಲ ಹರಿಕೇನ್ ಬರುವುದು ಆಗಸ್ಟ್ 11ರ ಸುಮಾರಿಗೆ. 2024ರಲ್ಲಿ ಬೆರಿಲ್ ಜೂನ್ 28ರಂದು ಕುಸಿತವಾಗಿ, 29ರಂದು ಹರಿಕೇನ್ ಆಗಿ, 30ರಂದು ನಾಲ್ಕನೇ ಶ್ರೇಣಿ ತಲುಪಿತು (ಐದನೆಯದೇ ಅತಿ ಬಲವಾದದ್ದು). ಜೂನ್ ತಿಂಗಳಲ್ಲಿ ಆ ಶ್ರೇಣಿಯ ಹರಿಕೇನ್ ದಾಖಲೆಯಲ್ಲೇ ಅದು ಮೊದಲು. ಜುಲೈ 1ರಂದು ಗ್ರೆನಡಾದ ಕ್ಯಾರಿಯಕೂ ದ್ವೀಪವನ್ನು ಜಜ್ಜಿತು. ಮರುದಿನ ಐದನೇ ಶ್ರೇಣಿಯ ಉತ್ತುಂಗದಲ್ಲಿ ಗಾಳಿ ಗಂಟೆಗೆ ಸುಮಾರು 270 ಕಿ.ಮೀ. ಅಷ್ಟು ಬೇಗ ಐದನೇ ಶ್ರೇಣಿ ಮುಟ್ಟಿದ ಹಿಂದಿನ ದಾಖಲೆ 2005ರ ಎಮಿಲಿಯದು, ಅದೂ ಜುಲೈ 16ಕ್ಕೆ. ಸಮುದ್ರ ಆ ವರ್ಷ ಜೂನ್‌ನಲ್ಲೇ ಋತುವಿನ ನಡುಮಧ್ಯದಷ್ಟು ಬಿಸಿಯಾಗಿತ್ತು, ಶಿಯರ್ ಕಡಿಮೆಯಿತ್ತು. ಬೆರಿಲ್ ದ್ವೀಪಗಳಿಗೆ ಮುಂಚೆಯೇ ಗಟ್ಟಿ ಕೇಂದ್ರ ಕಟ್ಟಿಕೊಂಡಿದ್ದರಿಂದ ಪೂರ್ವ ಕೆರಿಬಿಯನ್ ಅದನ್ನು ತಡೆಯಲಿಲ್ಲ. ತಿಂಗಳ ಹೆಸರಿಗಿಂತ ಆ ವಾರದ ನೀರು ಮತ್ತು ಗಾಳಿ ಮುಖ್ಯ.

ನಮ್ಮ ಕೋರಿಕೆ ಸಣ್ಣದು. ಅಲೆಯ ಸುದ್ದಿ ಹಾಕುವಾಗ ಅದು ಯಾವ ದ್ವೀಪದಿಂದ ಎಷ್ಟು ಕಿ.ಮೀ. ದೂರದಲ್ಲಿದೆ, ವೇಗ ಎಷ್ಟು, ಎರಡೂ ಶೇಕಡಾ ಸಂಖ್ಯೆಗಳು, ಮುನ್ನೋಟದ ಸಮಯ, ಸುಳಿಯ ಕೇಂದ್ರ ಮುಚ್ಚಿದೆಯೇ ಇಲ್ಲವೇ ಎಂಬಿಷ್ಟು ಬರಲಿ. ದಾರಿಯ ನಕ್ಷೆ ಹಾಕುವುದಿದ್ದರೆ ಸುಳಿ ಸಾಗಬಹುದಾದ ದಾರಿಯನ್ನು ತೋರಿಸುವ ಶಂಕುವಿನಾಕಾರದ ಮುನ್ಸೂಚನೆಯನ್ನು ಮಯಾಮಿ ಕೇಂದ್ರ ಹೊರಡಿಸಿದ ಮೇಲೆ ಹಾಕಿ. 2017ರಿಂದ ಸುಳಿಯ ಕೇಂದ್ರ ರೂಪುಗೊಳ್ಳುವ ಮೊದಲೇ, ನೆಲಕ್ಕೆ ಅಪಾಯ ಹತ್ತಿರವಿದ್ದರೆ, ‘ಸಂಭಾವ್ಯ ಚಂಡಮಾರುತ’ದ ಹೆಸರಲ್ಲಿ ಅವರು ಶಂಕು ಕೊಡುತ್ತಾರೆ. ಅವರು ಹೊರಡಿಸುವ ಮುಂಚೆಯೇ ಎಲ್ಲಾದರೂ ಶಂಕು ಕಂಡರೆ ಅದು ಅವರದ್ದಲ್ಲ. ಶೇಕಡಾ ಇಳಿದ ದಿನವೂ ಒಂದು ಸಾಲು ಬರೆಯಿರಿ: ಬೆಳೆಯದ ಅಲೆಯೂ ದ್ವೀಪಗಳಲ್ಲಿ ನೆರೆ ತರುವಷ್ಟು ಮಳೆ ಸುರಿಸಬಲ್ಲದು, ಮಧ್ಯ ಅಮೆರಿಕ ದಾಟಿ ಪೆಸಿಫಿಕ್‌ನಲ್ಲಿ ಬೆಳೆಯಲೂಬಹುದು. ಬಾನಿ ಅಟ್ಲಾಂಟಿಕ್‌ನಲ್ಲಿ ಬರೀ ಬಿರುಗಾಳಿಯಾಗಿತ್ತು; ಅದು ಭಾರೀ ಹರಿಕೇನ್ ಆದದ್ದು ಪೆಸಿಫಿಕ್‌ಗೆ ದಾಟಿದ ಮೇಲೆ.

ಇಂತಿ,
ಹವಾಮಾನ ನಕ್ಷೆಗಳನ್ನು ಗಮನಿಸುವ ಕೆಲವು ಓದುಗರು