ಬೀರನನ್ನು ಇಟ್ಟುಕೊಳ್ಳುವುದಾ, ಕೊಡುವುದಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅತ್ತಿಗೆಗೆ ಐದು ತಿಂಗಳು ಎಂದು ಓದಿ ತುಂಬಾ ಖುಷಿಯಾಯಿತು. ಅದರ ಬೆನ್ನಿಗೇ, ಮಗು ಬರುವ ಮನೆಯಲ್ಲಿ ನಿನ್ನ ನಾಯಿ ಬೀರನನ್ನು ಇಟ್ಟುಕೊಳ್ಳಲೋ, ಬೇರೆಯವರಿಗೆ ಕೊಡಲೋ ಎಂದು ನೀನು ಕೇಳಿರುವ ಪ್ರಶ್ನೆಯಲ್ಲಿ ಎಷ್ಟು ಸಂಕಟ ಇದೆ ಎಂಬುದೂ ಗೊತ್ತಾಯಿತು. ಬೀರನನ್ನು ಇಟ್ಟುಕೋ ಅಂತಲೋ, ಕೊಟ್ಟುಬಿಡು ಅಂತಲೋ ಇಲ್ಲಿ ಕೂತು ಒಂದೇ ಮಾತಿನಲ್ಲಿ ಹೇಳುವುದು ತಪ್ಪಾಗುತ್ತದೆ. ಏನೇನು ನೋಡಿ ತೀರ್ಮಾನ ಮಾಡಬೇಕು, ಯಾವಾಗಿನ ಒಳಗೆ ಮಾಡಬೇಕು ಅನ್ನುವುದನ್ನು ಬರೆಯುತ್ತೇನೆ.

ಮೊದಲು ಗಡುವು. ಸೀಮಂತ ಮುಗಿಸಿ ಅತ್ತಿಗೆ ತವರಿಗೆ ಹೊರಡುವಷ್ಟರಲ್ಲಿ ನೀವಿಬ್ಬರೂ ಕೂತು ತೀರ್ಮಾನಿಸಿರಬೇಕು. ಮಗು ಮನೆಗೆ ಬಂದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರೆ, ರಾತ್ರಿಯೆಲ್ಲ ನಿದ್ದೆಗೆಟ್ಟು, ಒಂದು ದಿನ ನಾಯಿ ಮಗುವಿನ ಮೇಲೆ ಗುರ್ ಅಂದ ತಕ್ಷಣ ಸಿಕ್ಕವರ ಕೈಗೆ ಹಗ್ಗ ಕೊಡುವ ಪರಿಸ್ಥಿತಿ ಬರುತ್ತದೆ. ಹಾಗೆ ಹೋದ ನಾಯಿಗಳ ಗತಿ ಚೆನ್ನಾಗಿರುವುದಿಲ್ಲ.

ಬೀರ ಮುಧೋಳದ ನಾಯಿ ಎಂಬುದನ್ನು ಮರೆಯಬೇಡ. ಅಂಚೆಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆಯವರೂ ಮರಿಗಳನ್ನು ಒಯ್ದ ತಳಿ ಎಂಬ ಹೆಮ್ಮೆ ನಿನಗಿದೆ, ಇರಲಿ. ಆದರೆ ಬಯಲಲ್ಲಿ ಮೊಲ ಅಟ್ಟಲೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ನಾಯಿ ಅದು. ಬೇರೆ ನಾಯಿಗಳಿಗೆ ಮೂಗು ಮುಂದಾದರೆ ಇದಕ್ಕೆ ಕಣ್ಣು ಮುಂದು. ಚಿಕ್ಕದಾಗಿ, ಕೀರಲು ದನಿ ಮಾಡುತ್ತಾ, ತಟಕ್ಕನೆ ಅಲುಗಾಡುವ ಯಾವುದೇ ವಸ್ತು ಕಂಡರೂ ಅದರ ಮೈ ಯೋಚನೆಗಿಂತ ಮೊದಲೇ ಓಡುತ್ತದೆ. ಹೊರಗಿನವರು ಮುಟ್ಟುವುದು ಈ ತಳಿಗೆ ಹಿಡಿಸುವುದಿಲ್ಲ. ಹಾಗಂತ ಇದು ಮಕ್ಕಳಿಗೆ ಆಗದ ತಳಿ ಎನ್ನುವುದು ಸುಳ್ಳು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳಿರುವ ಮನೆಗಳಲ್ಲೇ ಇವು ಬೆಳೆಯುತ್ತವೆ. ವ್ಯತ್ಯಾಸ ಇಷ್ಟೇ, ಅಲ್ಲಿ ಓಡಲು ಹೊಲ ಇದೆ, ಬೇಡವೆನಿಸಿದರೆ ಎದ್ದು ಹೋಗಲು ಅಂಗಳ ಇದೆ. ನಿಮ್ಮ ಮೂರನೇ ಮಹಡಿಯ ಮನೆಯಲ್ಲಿ ಅವೆರಡನ್ನೂ ನೀನೇ ಮಾಡಿಕೊಡಬೇಕು.

ಆದ್ದರಿಂದ ನಿನ್ನನ್ನು ನೀನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೀರ ಒಳ್ಳೆಯವನಾ ಎಂಬುದಲ್ಲ. ಅವನಿಗೆ ದಿನಕ್ಕೆ ಎರಡು ಗಂಟೆ ಯಾರು ಕೊಡುತ್ತಾರೆ, ಅವನಿಗೂ ಮಗುವಿಗೂ ಮಧ್ಯದ ಬಾಗಿಲನ್ನು ಪ್ರತಿ ಸಲವೂ ಯಾರು ಹಾಕುತ್ತಾರೆ? ಈ ಎರಡಕ್ಕೂ ಹೆಸರು ಹಿಡಿದು ಉತ್ತರ ಹೇಳಲು ಆಗುವಂತಿದ್ದರೆ ಇಟ್ಟುಕೊಳ್ಳುವ ದಾರಿ ಇದೆ.

ಎರಡು ಗಂಟೆಯ ಲೆಕ್ಕ ಹೀಗೆ. ಬೆಳಿಗ್ಗೆ ಆರರೊಳಗೆ, ಸುತ್ತ ಬೇಲಿ ಇರುವ ಜಾಗದಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಓಡಿಸುವುದು, ಹೋಗಿಬರುವ ನಡಿಗೆ ಸೇರಿ ಒಂದು ಗಂಟೆ. ಸಂಜೆ ಮುಕ್ಕಾಲು ಗಂಟೆ ನಿಧಾನದ ನಡಿಗೆ, ಮೂಸುತ್ತಾ ನಿಂತರೆ ನಿಲ್ಲಲು ಬಿಡಬೇಕು, ಎಳೆದುಕೊಂಡು ಹೋಗಬಾರದು. ಉಳಿದ ಕಾಲು ಗಂಟೆ ಮನೆಯೊಳಗಿನ ಕಲಿಕೆಗೆ. ಬೇಲಿ ಇಲ್ಲದ ಕಡೆ ಉದ್ದ ಹಗ್ಗ ಕಟ್ಟಿ ಓಡಿಸುವ ಉಪಾಯ ಬೇಡವೇ ಬೇಡ: ಪೂರ್ತಿ ವೇಗದಲ್ಲಿ ಹಗ್ಗ ಮುಗಿದರೆ ಕುತ್ತಿಗೆಗೆ ಪೆಟ್ಟು. ಇವಕ್ಕೆ ತಲೆ ಕುತ್ತಿಗೆಗಿಂತ ಸಣ್ಣದು, ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಜಾರಿ ಓಡಿಬಿಡುತ್ತವೆ. ಅಗಲವಾದ, ಎಳೆದಾಗ ತುಸು ಬಿಗಿಯಾಗುವ ಪಟ್ಟಿ ತಂದುಕೋ. ಮಳೆ ಬಂದ ದಿನ, ನಿನಗೆ ಜ್ವರ ಬಂದ ದಿನ ಬೀರನ ಊಟವನ್ನು ಬಟ್ಟಲಿಗೆ ಹಾಕದೆ ಹಳೆಯ ಕಂಬಳಿಯ ಮಡಿಕೆಗಳಲ್ಲಿ ಚೆಲ್ಲಿ ಹುಡುಕಲು ಬಿಡು. ಟೊಳ್ಳು ರಬ್ಬರ್ ಆಟಿಕೆಗೆ ಉಪ್ಪು ಹಾಕದ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತಾನೆ. ಹೊರಗೆ ಒಯ್ಯಲು ಇನ್ನೊಬ್ಬರನ್ನು ಈಗಲೇ ಗೊತ್ತು ಮಾಡಿ ಪಳಗಿಸು. ವಾಚ್‌ಮನ್ ಕೈಗೆ ಕೊಟ್ಟು ಕಳಿಸುವುದು ಲೆಕ್ಕಕ್ಕಿಲ್ಲ.

ಇನ್ನು ಮನೆಯ ಒಳಗೆ. ನಿಮ್ಮ ಹಾಸಿಗೆಯ ಮೇಲೆ ಮಲಗುತ್ತಾನಲ್ಲ, ಅದನ್ನು ಇವತ್ತಿನಿಂದ ಬದಲಿಸು. ಮಗು ಬಂದ ದಿನವೇ ಹೊರಗೆ ಹಾಕಿದರೆ ಮಗುವಿನ ವಾಸನೆಗೂ ತನ್ನ ನಷ್ಟಕ್ಕೂ ಅವನೊಳಗೆ ಗಂಟು ಬೀಳುತ್ತದೆ. ಹಾಲ್‌ನ ಮೂಲೆಯಲ್ಲಿ, ಜನ ಓಡಾಡದ ಕಡೆ, ದಪ್ಪ ಹಾಸಿಗೆ ಹಾಕು. ಮೈಮೇಲೆ ಕೊಬ್ಬಿಲ್ಲದ ನಾಯಿ, ತೆಳು ಚಾಪೆ ಮೂಳೆಗೆ ಒತ್ತುತ್ತದೆ, ಎದ್ದು ಮತ್ತೆ ನಿಮ್ಮ ಮಂಚಕ್ಕೇ ಬರುತ್ತಾನೆ. ಆ ಹಾಸಿಗೆಯ ಮೇಲೆ ತಾನಾಗಿ ಹೋಗಿ ಮಲಗಿದಾಗಲೆಲ್ಲ ಸದ್ದಿಲ್ಲದೆ ಒಂದು ತುಣುಕು ಬೇಯಿಸಿದ ಕೋಳಿ ಇಟ್ಟು ಬಾ. ದಿನಕ್ಕೆ ನಾಲ್ಕು ಸಲ, ಮೂರು ಮೂರು ನಿಮಿಷ ಸಾಕು. ಎರಡು ವಾರದಲ್ಲಿ "ಜಾಗಕ್ಕೆ" ಅಂದರೆ ಹೋಗುತ್ತಾನೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಬೇಟೆನಾಯಿಗಳಲ್ಲಿ ಗಾಢ ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುವ ಸ್ವಭಾವ ಕೆಲವಕ್ಕೆ ಇರುತ್ತದೆ. ಅದು ಸಿಟ್ಟಲ್ಲ, ಎಚ್ಚರವಾಗುವ ಮೊದಲೇ ಬಾಯಿ ಮುಂದೆ ಬಂದಿರುತ್ತದೆ. ದೊಡ್ಡವರು ಹೆಸರು ಕರೆದು, ಕಣ್ಣು ಬಿಟ್ಟ ಮೇಲೆ ಮುಟ್ಟಬಹುದು. ಅಂಬೆಗಾಲಿನ ಮಗುವಿಗೆ ಅದು ಬರುವುದಿಲ್ಲ. ಹಾಗಾಗಿ ಅವನ ಹಾಸಿಗೆಗೂ ಮಗು ಹರಿದಾಡುವ ನೆಲಕ್ಕೂ ನಡುವೆ ಅಡ್ಡ ಇರಲೇಬೇಕು.

ಅಡ್ಡ ಅಂದರೆ ಅಂಗಡಿಯಲ್ಲಿ ಸಿಗುವ ಎರಡೂವರೆ ಅಡಿಯ ಪ್ಲಾಸ್ಟಿಕ್ ಗೇಟಲ್ಲ, ಅದನ್ನು ಬೀರ ನಿಂತಲ್ಲಿಂದಲೇ ಹಾರುತ್ತಾನೆ. ಬಡಗಿಯನ್ನು ಕರೆಸಿ ಕೋಣೆಯ ಬಾಗಿಲ ಚೌಕಟ್ಟಿಗೆ ಐದು ಅಡಿ ಎತ್ತರದ ಜಾಲರಿ ಬಾಗಿಲು ಮಾಡಿಸು. ಮರದ ಚೌಕಟ್ಟು, ಒಳಗೆ ವೆಲ್ಡೆಡ್ ಜಾಲರಿ, ಕೆಳಗೆ ಎರಡು ಇಂಚಿಗಿಂತ ಹೆಚ್ಚು ಸಂದು ಬೇಡ, ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಕೀಲು, ಕೈ ತುಂಬಿದ್ದಾಗಲೂ ಮೊಣಕೈಯಲ್ಲಿ ತಳ್ಳಿ ಹಾಕುವಂಥ ಚಿಲಕ. ಚಿಲಕ ಬಿಗಿಯಾಗಿದ್ದರೆ ಜನ ಬಾಗಿಲನ್ನು ಸುಮ್ಮನೆ ಒರಗಿಸಿ ಹೋಗುತ್ತಾರೆ, ಅನಾಹುತ ಆಗುವುದು ಅಲ್ಲೇ. ಜಾಲರಿ ಯಾಕೆಂದರೆ ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೆ ಕಾಣಬೇಕು. ಮುಚ್ಚಿದ ಬಾಗಿಲ ಹಿಂದಿನ ಅಳು ಅವನನ್ನು ಇನ್ನಷ್ಟು ಕೆರಳಿಸುತ್ತದೆ.

ತೊಟ್ಟಿಲ ವಿಷಯದಲ್ಲಿ ಮಾತ್ರ ಜಾಲರಿಯನ್ನೂ ನಂಬಬೇಡ. ಸೂರಿನ ಕೊಕ್ಕೆಗೆ ಸೀರೆ ಕಟ್ಟಿದ ತೊಟ್ಟಿಲನ್ನು ಬೀರನ ಕಣ್ಣಿನಿಂದ ನೋಡು. ಅದರ ತಳ ಸರಿಯಾಗಿ ಅವನ ಮುಖದ ಎತ್ತರಕ್ಕೆ ಬರುತ್ತದೆ. ಆಚೀಚೆ ತೂಗುತ್ತದೆ. ಬಟ್ಟೆಯೊಳಗೆ ಏನೋ ಒದೆಯುತ್ತದೆ, ಬಟ್ಟೆ ಉಬ್ಬಿ ಇಳಿಯುತ್ತದೆ, ಒಳಗಿನಿಂದ ಕೀರಲು ದನಿ. ಪೊದೆಯಲ್ಲಿ ಮೊಲ ಅಲುಗಿದಂತೆಯೇ. ತೊಟ್ಟಿಲು ಮರದ ಬಾಗಿಲು ಹಾಕುವ ಕೋಣೆಯಲ್ಲೇ ಇರಲಿ. ಸ್ನಾನಕ್ಕೆ ನೀರು ತೋಡಲು ಎರಡು ನಿಮಿಷ ಎದ್ದು ಹೋದರೂ ಆ ಬಾಗಿಲು ಹಾಕಬೇಕು.

ಈಗ ನಿನಗೊಂದು ಪರೀಕ್ಷೆ, ಬೀರನಿಗೂ. ಎಳೆಗೂಸಿನ ಅಳುವಿನ ಧ್ವನಿಯನ್ನು ಸ್ಪೀಕರಿಗೆ ಹಾಕಿ, ಸ್ಪೀಕರನ್ನು ತೊಟ್ಟಿಲು ಬರುವ ಕೋಣೆಯಲ್ಲಿಡು. ಕಿವಿಗೊಟ್ಟರಷ್ಟೇ ಕೇಳುವಷ್ಟು ಸಣ್ಣ ದನಿ, ಅವನು ಊಟ ಮಾಡುವಾಗ ಮೂರು ನಿಮಿಷ, ದಿನಕ್ಕೆರಡು ಸಲ. ಎರಡು-ಮೂರು ದಿನಕ್ಕೊಮ್ಮೆ ಚೂರು ಜೋರು ಮಾಡು. ಊಟ ಬಿಟ್ಟು ತಲೆ ಎತ್ತಿ ನಿಂತುಬಿಟ್ಟರೆ ನೀನು ಅವಸರ ಮಾಡಿದ್ದೀಯ ಎಂದರ್ಥ, ಹಿಂದಿನ ಮಟ್ಟಕ್ಕೆ ಇಳಿಸು. ಗೊಂಬೆ ಎತ್ತಿಕೊಂಡು ಓಡಾಡುವುದನ್ನೂ ಮಾಡಬಹುದು, ಆದರೆ ಅದು ನಿಮ್ಮ ಅಭ್ಯಾಸಕ್ಕೆ. ಮೂಗಿರುವ ನಾಯಿಗೆ ಅದು ಗೊಂಬೆ ಅಂತ ಗೊತ್ತು. ಗೊಂಬೆಯ ಹತ್ತಿರ ಸಭ್ಯನಾಗಿದ್ದ ಎಂದು ಧೈರ್ಯ ತಂದುಕೊಳ್ಳಬೇಡ.

ಏನನ್ನು ನೋಡಬೇಕು? ಕುತೂಹಲ ಇದ್ದರೆ ಮೈ ಸಡಿಲ ಇರುತ್ತದೆ, ಕಿವಿ ಆಚೀಚೆ ಆಡುತ್ತದೆ, ತಲೆ ಓರೆ ಮಾಡಿ ಕೇಳಿ, ಹೆಸರು ಕರೆದರೆ ನಿನ್ನ ಕಡೆ ತಿರುಗುತ್ತಾನೆ. ಹೆದರಿಕೆ ಇದ್ದರೆ ಹಸಿವಿಲ್ಲದಿದ್ದರೂ ತುಟಿ ನೆಕ್ಕುತ್ತಾನೆ, ನಿದ್ದೆ ಬರದಿದ್ದರೂ ಆಕಳಿಸುತ್ತಾನೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ನೋಡುತ್ತಾನೆ. ಇದನ್ನು ತಾಳ್ಮೆಯಿಂದ ಸರಿಮಾಡಬಹುದು. ಮೂರನೆಯದು ಬೇಟೆಯ ನೋಟ: ಮೈ ಮರಗಟ್ಟಿ, ಬಾಯಿ ಮುಚ್ಚಿ, ಭಾರವೆಲ್ಲ ಮುಂಗಾಲಿಗೆ ಬಿದ್ದು, ಒಂದೇ ಕಡೆ ದಿಟ್ಟಿ. ಹೆಸರು ಕರೆದರೂ ಕೇಳುವುದಿಲ್ಲ, ಕೋಳಿ ತೋರಿಸಿದರೂ ಮೂಸುವುದಿಲ್ಲ. ಕಾರಿಡಾರಿನಲ್ಲಿ ಬೆಕ್ಕು ಕಂಡಾಗ ಅವನು ಹೇಗಿರುತ್ತಾನೆ ಎಂದು ನಿನಗೆ ಗೊತ್ತಲ್ಲ, ಅದೇ ಮುಖ. ಅಳುವಿಗೋ ಪಕ್ಕದ ಮನೆಯ ಕೂಸಿಗೋ ಆ ಮುಖ ಬಂದು, ಆರು ವಾರದ ಅಭ್ಯಾಸದ ನಂತರವೂ ಹೋಗದಿದ್ದರೆ ಇಟ್ಟುಕೊಳ್ಳಬೇಡ. ಇದನ್ನು ತುಂಬಾ ನೋವಿನಿಂದ ಬರೆಯುತ್ತಿದ್ದೇನೆ, ಆದರೆ ಇಲ್ಲಿ ರಿಯಾಯಿತಿ ಇಲ್ಲ.

ಗುರ್ ಅಂದದ್ದಕ್ಕೆ ಮಾತ್ರ ಯಾವತ್ತೂ ಹೊಡೆಯಬೇಡ, ಗದರಬೇಡ. ಗುರುಗುಟ್ಟುವುದು ಅವನು ಕೊಡುವ ಎಚ್ಚರಿಕೆ. ಅದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತದೆ. ಗುರ್ ಅಂದರೆ ಇಬ್ಬರನ್ನೂ ದೂರ ಮಾಡಿ, ಯಾಕೆ ಎಂದು ಹುಡುಕು.

ಅತ್ತಿಗೆಯ ಅಮ್ಮ ನಾಯಿಯಿಂದ ಗರ್ಭಿಣಿಗೆ ರೋಗ ಬರುತ್ತದೆ ಎಂದು ಹೆದರಿದ್ದಾರೆ ಅಂದೆ. ಅವರು ಕೇಳಿರುವುದು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಬಗ್ಗೆ ಇರಬೇಕು. ಅದು ಹರಡುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ. ನಾಯಿಯ ಮಲದಲ್ಲಿ ಅದರ ಮೊಟ್ಟೆ ಬರುವುದಿಲ್ಲ. ಅವರ ಕಾಳಜಿಯನ್ನು ತಳ್ಳಿಹಾಕದೆ ಇದನ್ನು ಸಮಾಧಾನವಾಗಿ ಹೇಳು. ನಿಜವಾಗಿ ನೋಡಿಕೊಳ್ಳಬೇಕಾದ್ದು ಜಂತುಹುಳು. ತೂಕ ನೋಡಿಸಿ ಮೂರು ತಿಂಗಳಿಗೊಮ್ಮೆ ಮಾತ್ರೆ ಹಾಕಿಸು. ಮಲವನ್ನು ಅದೇ ದಿನ ಎತ್ತಿ ಹಾಕು. ದುಂಡುಹುಳದ ಮೊಟ್ಟೆ ಸೋಂಕು ತಗುಲಿಸುವಷ್ಟು ಬಲಿಯಲು ಮಣ್ಣಿನಲ್ಲಿ ಕೆಲವು ವಾರ ಬೇಕು, ಅಂದಂದೇ ಎತ್ತಿದರೆ ಆ ದಾರಿಯೇ ಮುಚ್ಚುತ್ತದೆ. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ, ಚೀಟಿ ಫೈಲಿನಲ್ಲಿರಲಿ. ಉಣ್ಣಿಗೆ ಔಷಧ ಹಚ್ಚುವ, ಔಷಧದ ನೀರಲ್ಲಿ ಮೀಯಿಸುವ ಕೆಲಸವೆಲ್ಲ ನಿನ್ನದು, ಅತ್ತಿಗೆ ಮುಟ್ಟುವುದು ಬೇಡ. ಯಾರಿಗೇ ಹಲ್ಲು ತಗುಲಿ ಚರ್ಮ ಹರಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು, ನಾಯಿಗೆ ಲಸಿಕೆ ಆಗಿದ್ದರೂ ಸರಿ. ಸುಣ್ಣ, ಅರಿಶಿನ, ಖಾರದಪುಡಿ ಯಾವುದೂ ಬೇಡ.

ಬಾಣಂತನ ತವರಿನಲ್ಲಿ ಆಗುವುದು ನಿನಗೆ ದೊಡ್ಡ ಅನುಕೂಲ, ಒಂದು ಅಪಾಯವೂ ಇದೆ. ತಿಂಗಳುಗಟ್ಟಲೆ ಬೀರ ನಿನ್ನೊಬ್ಬನಿಗೇ ಅಂಟಿಕೊಂಡುಬಿಡುತ್ತಾನೆ. ಮಗು ಐದು ತಿಂಗಳಿಗೆ ಬಂದರೆ, ಅವನು ಅದರ ಇರವಿಗೆ ಹೊಂದಿಕೊಳ್ಳುವಷ್ಟರಲ್ಲೇ ಅದು ನೆಲದ ಮೇಲೆ ಹರಿಯಲು ಶುರು ಮಾಡುತ್ತದೆ. ಕಷ್ಟ ಬರುವುದು ತೊಟ್ಟಿಲ ಮಗುವಿನಿಂದ ಅಷ್ಟಲ್ಲ, ತಾನಾಗಿ ನಾಯಿಯ ಹತ್ತಿರ ಹೋಗಬಲ್ಲ ಮಗುವಿನಿಂದ. ಆದ್ದರಿಂದ ನೀನು ತವರಿಗೆ ಹೋಗಿಬರುವಾಗಲೆಲ್ಲ ಮಗುವಿಗೆ ಸುತ್ತಿದ ಒಂದು ಬಟ್ಟೆ ತಾ. ಸಾಮ್ರಾಣಿ, ಬಜೆ, ಎಣ್ಣೆ, ಹಾಲು ಎಲ್ಲ ವಾಸನೆಯೂ ಅದರಲ್ಲಿರುತ್ತದೆ. ಕುರ್ಚಿಯ ಮೇಲಿಟ್ಟು ಒಂದು ಅಡಿ ದೂರದಿಂದ ಮೂಸಲು ಬಿಡು, ಮೂಸಿ ಹಿಂದೆ ಸರಿದಾಗ ತಿನಿಸು ಕೊಡು. ಬಾಯಿಗೆ ಮಾತ್ರ ಕೊಡಬೇಡ. ಕಚ್ಚಿ ಎಳೆದಾಡಿದರೆ ಆ ವಾಸನೆ ಅವನಿಗೆ ಆಟಿಕೆಯ ವಾಸನೆ ಆಗಿಬಿಡುತ್ತದೆ.

ಬರುವ ದಿನ ಬೆಳಿಗ್ಗೆ ಚೆನ್ನಾಗಿ ಓಡಿಸಿರು. ಮೊದಲು ಅತ್ತಿಗೆ ಬರಿಗೈಯಲ್ಲಿ ಒಳಗೆ ಬರಲಿ, ಇಷ್ಟು ದಿನದ ಅವನ ಕುಣಿತವೆಲ್ಲ ಮುಗಿಯಲಿ. ಆಮೇಲೆ ಮಗು. ಬೀರ ಹಗ್ಗದಲ್ಲಿ, ಹತ್ತು ಅಡಿ ದೂರ, ಐದೇ ನಿಮಿಷ. ಮೊದಲ ದಿನವೇ ಪಾದ ಮೂಸಿಸಿ ಫೋಟೊ ತೆಗೆಯುವ ಆಸೆ ಬೇಡ. ರಾಗಿ ಸರಿ ತಿನ್ನಿಸುವ ಕಾಲಕ್ಕೆ ಮಗುವಿನ ಕೈಬಾಯೆಲ್ಲ ತಿಂಡಿಯೇ ಆಗಿರುತ್ತದೆ, ಆಗೆಲ್ಲ ಅವನು ಜಾಲರಿಯ ಆಚೆ. ಅವನ ಬಟ್ಟಲೂ ಹಾಗೇ, ಬಾಗಿಲ ಹಿಂದೆ ಇಟ್ಟು ಹದಿನೈದು ನಿಮಿಷಕ್ಕೆ ಎತ್ತಿಬಿಡು.

ಕೊಡಲೇಬೇಕು ಎಂದಾದರೆ, ಕೊಡುವುದು ದ್ರೋಹವಲ್ಲ. ಬೀದಿಗೆ ಬಿಡುವುದು ದ್ರೋಹ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮನೆಯಲ್ಲಿ ಬೆಳೆದ ನಾಯಿ ಬೀದಿ ನಾಯಿಗಳ ಎಲ್ಲೆಯೊಳಗೆ ಬದುಕಲಾರದು. ತೋಟದ ಮನೆಯವರು ಕೇಳುತ್ತಿದ್ದಾರೆ ಎಂದು ಬರೆದಿದ್ದೀಯ. ಹಗಲು ಸರಪಳಿಯಲ್ಲಿ ಕಟ್ಟುತ್ತಾರಾ ಎಂದು ಕೇಳು, ಒಮ್ಮೆ ಹೇಳದೆ ಹೋಗಿ ನೋಡು. ಮೊಲ, ಕಾಡುಹಂದಿ ಬೇಟೆಗೆಂದು ಈ ತಳಿ ಕೇಳುವವರಿದ್ದಾರೆ, ಅದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ, ಅಂಥವರಿಗೆ ಬೇಡ. ಸಂತಾನಹರಣ ಮಾಡಿಸಿಯೇ ಕೊಡು, ಇಲ್ಲದಿದ್ದರೆ ಮರಿ ಮಾರುವವರ ಕೈ ಸೇರಬಹುದು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಈ ತಳಿಯನ್ನು ಬಲ್ಲ ಮನೆಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಹಿಂದೆ ಯಾರಿಗಾದರೂ ಬಾಯಿ ಹಾಕಿದ್ದರೆ ಮುಚ್ಚಿಡದೆ ಹೇಳು. ಎರಡು ವಾರ ನೋಡಿ, ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದು ಕೊಡು. ಜೊತೆಗೆ ಹತ್ತು ದಿನದ ಊಟ, ಲಸಿಕೆ ಚೀಟಿ, ಒಗೆಯದ ಅವನದೇ ಹಾಸಿಗೆ. ಮೊದಲ ದಿನಗಳಲ್ಲಿ ಗೇಟಿನ ಒಳಗೂ ಹಗ್ಗ ಬಿಚ್ಚಬಾರದು ಎಂದು ಒತ್ತಿ ಹೇಳು, ಹಳೆಯ ಮನೆ ಹುಡುಕಿಕೊಂಡು ಓಡಿ ಕಳೆದುಹೋಗುವುದು ಆಗಲೇ.

ಈ ಭಾನುವಾರ ಅಳುವಿನ ಧ್ವನಿ ಹಾಕು. ನೀನು ಅವನ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ಫೋನ್ ಇಟ್ಟು, ಕಿವಿ, ಬಾಯಿ, ಬಾಲ ಮೂರೂ ಕಾಣುವಂತೆ ಒಂದು ನಿಮಿಷದ ವಿಡಿಯೊ ತೆಗೆದು ಕಳಿಸು. ಅದನ್ನು ನೋಡಿ ಮುಂದಿನದನ್ನು ಬರೆಯುತ್ತೇನೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ
ನಿನ್ನ ಗೆಳೆಯ