ಎಸ್‌ಯುವಿ ಮೇಲೆ ಕ್ರಾಸ್‌ಬಾರ್ ಹಾಕಿಸೋರ ಗಮನಕ್ಕೆ

ಗೆಳೆಯರೇ, ಕ್ರಾಸ್‌ಬಾರ್ ಅಂದ್ರೆ ಸಾಮಾನು ಕಟ್ಟೋಕೆ ಗಾಡಿಯ ಚಾವಣಿ ಮೇಲೆ ಅಡ್ಡಕ್ಕೆ ಹಾಕೋ ಜೋಡಿ ಕಂಬಿ. ಅಪರೂಪಕ್ಕೆ ಸಾಮಾನು ಹೇರೋರು ಚೌಕದ ಕಂಬಿಗೆ ಹೋಗಬೇಡಿ. ಅಗ್ಗ ಹೌದು, ಗಟ್ಟಿನೂ ಹೌದು. ಆದರೆ ದಾವಣಗೆರೆ ದಾಟಿ ಹೆದ್ದಾರಿ 48ಕ್ಕೆ ಬಿದ್ದ ಮೇಲೆ ತಲೆ ಮೇಲೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ?

ಗಾಳಿ ಚೌಕದ ಅಂಚಿಗೆ ಬಡಿದು ಹಿಂದೆ ಸುಳಿಯಾಗುತ್ತದೆ, ಸದ್ದು ಬರೋದು ಅದರಿಂದ. ಏರೋ ಬಾರ್ ವಿಮಾನದ ರೆಕ್ಕೆಯ ಆಕಾರದ್ದು, ಹಾಗಾಗಿ ಸುಳಿ ಕಡಿಮೆ. ದುಂಡನೆಯ ಅಂಚು ಮುಂದಕ್ಕೇ ಇರಬೇಕು, ಫಿಟ್ಟಿಂಗ್ ಮಾಡುವವರು ತಿರುಗಿಸಿ ಹಾಕಿಬಿಟ್ಟಾರು, ನಿಂತು ನೋಡಿ. ಕಂಬಿಯ ಮೇಲ್ಭಾಗದ ಸೀಳಿಗೆ ರಬ್ಬರ್ ಪಟ್ಟಿ ಕೂರಿಸಿ. ಅದು ಖಾಲಿ ಇದ್ದರೆ ಏರೋ ಬಾರ್ ಕೂಡ ಸಿಳ್ಳೆ ಹಾಕುತ್ತದೆ. ಈಗಾಗಲೇ ಚೌಕದ್ದು ಇರುವವರು ಮುಂದಿನ ಕಂಬಿಗೆ ಹಗ್ಗವನ್ನು ಬಿಗಿಯಾಗಿ, ಅಂತರ ಬಿಟ್ಟು ಸುತ್ತಿ. ಸದ್ದು ಸುಮಾರಾಗಿ ಇಳಿಯುತ್ತದೆ. ಸಾಮಾನು ಕಟ್ಟುವ ಪಟ್ಟಿಗೂ ಒಂದೆರಡು ತಿರುವು ಕೊಡಿ, ಚಪ್ಪಟೆ ಬಿಟ್ಟರೆ ಪಟಪಟ ಅನ್ನುತ್ತದೆ.

ಕೆಲವು ಗಾಡಿಗಳ ರೂಫ್ ರೈಲ್, ಅಂದ್ರೆ ಚಾವಣಿಯ ಎರಡೂ ಬದಿ ಉದ್ದಕ್ಕೆ ಇರೋ ಪಟ್ಟಿ, ಬರೀ ಅಂದಕ್ಕೆ, ಭಾರ ತಡೆಯಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ. ಅದರಲ್ಲಿ ಬರೆದ ಚಾವಣಿಯ ಭಾರದ ಮಿತಿಯಲ್ಲಿ ಕಂಬಿಯ ತೂಕವೂ ಸೇರಿರುತ್ತದೆ. 75 ಕೆಜಿ ಅಂತಿದ್ದು ಕಂಬಿಯೇ 5 ಕೆಜಿ ಇದ್ದರೆ ಉಳಿಯೋದು 70.

ಕೆಲಸ ಮುಗಿದ ಮೇಲೆ ಕಳಚಿಡಿ. ಸದ್ದೂ ಇಲ್ಲ, ಡೀಸೆಲ್ಲೂ ಉಳಿಯುತ್ತದೆ. ಸುಲಭವಾಗಿ ಬಿಚ್ಚಲು ಬರುವ ಜೋಡಿಯನ್ನೇ ಕೇಳಿ ತಗೊಳ್ಳಿ.