ಹೋಲ್‌ಗೊಂದು ಮಿತಿ ಇರಲಿ. ಅದು ಹ್ಯಾಂಡಿಕ್ಯಾಪ್ ನೋಡಿ ಇಟ್ಟ ಮಿತಿಯಾಗಿರಲಿ

ಸಂಪಾದಕರಿಗೆ,

ಮಾನ್ಯರೇ,

ಕ್ಲಬ್ ಮಟ್ಟದ ಗಾಲ್ಫ್ ಪಂದ್ಯಗಳಲ್ಲಿ ಆಟಗಾರನ ಲೆಕ್ಕಕ್ಕೆ ಒಂದು ಹೋಲ್‌ನಲ್ಲಿ (ಟೀ ಎಂಬ ಆರಂಭದ ಜಾಗದಿಂದ ಕುಳಿಯವರೆಗಿನ ಘಟ್ಟದಲ್ಲಿ; ಒಂದು ಸುತ್ತಿಗೆ ಇಂಥವು ಹದಿನೆಂಟು) ಸೇರಬಹುದಾದ ಹೊಡೆತಗಳಿಗೆ ಮೇಲ್ಮಿತಿ ಇರಬೇಕೇ ಎಂಬ ಚರ್ಚೆ ಆಡುವವರ ನಡುವೆ ಆಗಾಗ ಏಳುತ್ತಲೇ ಇರುತ್ತದೆ. ಬೇಕೆನ್ನುವವರು ಸಮಯ ಉಳಿಯುತ್ತದೆ ಎನ್ನುತ್ತಾರೆ; ಬೇಡವೆನ್ನುವವರು ಆಟದ ಮರ್ಯಾದೆ ಹೋಗುತ್ತದೆ ಎನ್ನುತ್ತಾರೆ. ಮಿತಿ ಇರಬೇಕು ಎಂಬ ಪಕ್ಷದವನು ನಾನು. ಆದರೆ ಅದನ್ನು ಯಾವ ಆಧಾರದ ಮೇಲೆ, ಯಾವ ಅಂಕಿಗೆ ಇಡಬೇಕೆಂಬ ಪ್ರಶ್ನೆಯನ್ನು ಎರಡೂ ಕಡೆಯವರು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಪಂದ್ಯದ ನ್ಯಾಯ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ ಆದ್ದರಿಂದ ಈ ಪತ್ರ.

ಮೊದಲು ನಿಯಮದ ಮಾತು. ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆ ಎಂಬ ನಿಯಮ ರೂಪಿಸುವ ಎರಡು ಸಂಸ್ಥೆಗಳು ಸೇರಿ ಪರಿಷ್ಕರಿಸಿ 2019ರ ಜನವರಿಯಿಂದ ಜಾರಿಗೆ ತಂದ ಗಾಲ್ಫ್ ನಿಯಮಗಳಲ್ಲಿ 'ಗರಿಷ್ಠ ಸ್ಕೋರ್' ಎಂಬುದು ಸ್ಟ್ರೋಕ್ ಪ್ಲೇಯ (ಒಟ್ಟು ಹೊಡೆತಗಳನ್ನು ಎಣಿಸುವ ಆಟದ) ಒಂದು ಅಧಿಕೃತ ರೂಪವಾಗಿ 21.2ನೇ ನಿಯಮದಲ್ಲಿ ಸೇರಿತು. ಅದರ ಪ್ರಕಾರ ಪ್ರತಿ ಹೋಲ್‌ನ ಮಿತಿಯನ್ನು ಗೊತ್ತುಮಾಡುವುದು ಪಂದ್ಯದ ಸಮಿತಿ. ಪಾರ್ ಎಂದರೆ ಒಂದು ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ; ಅದಕ್ಕಿಂತ ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಅವನ ಸ್ಕೋರ್‌ನಿಂದ ಕಳೆಯುವ ರಿಯಾಯಿತಿಯ ಹೊಡೆತಗಳು. ಪಾರ್‌ನ ಎರಡರಷ್ಟು, ಒಂದು ನಿಶ್ಚಿತ ಸಂಖ್ಯೆ, ಅಥವಾ ಹ್ಯಾಂಡಿಕ್ಯಾಪ್ ಕಳೆದ ಮೇಲೆ ಡಬಲ್ ಬೋಗಿ ಎಂಬ ಮೂರನ್ನು ನಿಯಮವು ಉದಾಹರಣೆಯಾಗಿ ಕೊಡುತ್ತದೆಯೇ ಹೊರತು ಇಷ್ಟರಲ್ಲೇ ಆರಿಸಬೇಕೆಂದು ಕಟ್ಟುಹಾಕುವುದಿಲ್ಲ. ಮಿತಿ ಮುಟ್ಟಿದ ಆಟಗಾರ ಚೆಂಡನ್ನು ಎತ್ತಿಕೊಂಡು ಮುಂದಿನ ಟೀಗೆ ನಡೆಯಬಹುದು. ನಿಯಮವೇ ಹಾಗೆ ಮಾಡಲು ಪ್ರೋತ್ಸಾಹಿಸುತ್ತದೆ. ಸಾಮಾನ್ಯ ಸ್ಟ್ರೋಕ್ ಪ್ಲೇಯಲ್ಲಾದರೋ ಒಂದೇ ಒಂದು ಹೋಲ್‌ನಲ್ಲಿ ಚೆಂಡನ್ನು ಕುಳಿಗೆ ಹಾಕದೆ ಮುಂದಿನ ಟೀಯಿಂದ ಹೊಡೆದುಬಿಟ್ಟರೆ 3.3ನೇ ನಿಯಮದಂತೆ ಆಟಗಾರ ಅನರ್ಹನಾಗುತ್ತಾನೆ. ಉಳಿದ ಹದಿನೇಳು ಹೋಲ್‌ಗಳನ್ನು ಎಷ್ಟೇ ಚೆನ್ನಾಗಿ ಆಡಿದ್ದರೂ ಅವು ಲೆಕ್ಕಕ್ಕೆ ಬರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಮಿತಿಯ ದೊಡ್ಡ ಲಾಭ ಇಲ್ಲಿದೆ. ಸಮಯದ ಉಳಿತಾಯ ಇಲ್ಲವೆಂದಲ್ಲ: ಒಂದು ಹೊಡೆತಕ್ಕೆ ನಿಯಮ ಶಿಫಾರಸು ಮಾಡುವ 40 ಸೆಕೆಂಡುಗಳನ್ನೇ ಹಿಡಿದರೂ ವ್ಯರ್ಥವಾದ ನಾಲ್ಕು ಹೊಡೆತಗಳು ಎರಡೂವರೆ ನಿಮಿಷವನ್ನು ಮೀರುತ್ತವೆ, ಮತ್ತು ಆ ವಿಳಂಬ ಹಿಂದಿನ ಪ್ರತಿಯೊಂದು ಗುಂಪಿಗೂ ದಾಟುತ್ತದೆ. ಆದರೆ ಆಟ ನಿಧಾನವಾಗಲು ಕಳೆದ ಚೆಂಡಿನ ಹುಡುಕಾಟ, ಟೀಗೆ ಮರಳುವ ನಡಿಗೆ, ಕುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲಿನ ದೀರ್ಘ ಧ್ಯಾನ ಇವೆಲ್ಲವೂ ಕಾರಣಗಳೇ. ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿದ್ದು ಕೂಡ ಅದೇ 2019ರ ಪರಿಷ್ಕರಣೆಯಲ್ಲಿ. ಆದ್ದರಿಂದ ಮಿತಿ ಹಾಕಿದ ಮಾತ್ರಕ್ಕೆ ಐದು ಗಂಟೆಯ ಸುತ್ತು ನಾಲ್ಕಕ್ಕೆ ಇಳಿಯುತ್ತದೆಂದು ಸಮಿತಿಯವರು ಸದಸ್ಯರಿಗೆ ಆಸೆ ತೋರಿಸಬಾರದು. ಮಿತಿಯಿಂದ ಖಚಿತವಾಗಿ ಉಳಿಯುವುದು ಸ್ಕೋರ್ ಕಾರ್ಡು. ನಾಲ್ಕನೆಯ ಹೋಲ್‌ನಲ್ಲಿ ಹನ್ನೊಂದು ಬರೆಸಿಕೊಂಡವನಿಗೆ ಇನ್ನುಳಿದ ಹದಿನಾಲ್ಕು ಹೋಲ್‌ಗಳನ್ನು ಮನಸ್ಸಿಟ್ಟು ಆಡಲು ಒಂದು ಕಾರಣ ಸಿಗುತ್ತದೆ. ಅವನು ಕಾರ್ಡು ಒಪ್ಪಿಸುತ್ತಾನೆ. ಅವನ ಸ್ಕೋರ್ ಬರೆದುಕೊಳ್ಳುವ ಮಾರ್ಕರ್ ಕೂಡ ಎಚ್ಚರದಿಂದ ಇರುತ್ತಾನೆ.

ಇದೇನೂ ಹೊಸ ಯೋಚನೆಯಲ್ಲ. ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರು 1898ರಲ್ಲಿ ವೇಲ್ಸ್‌ನ ಗ್ಲಾಮರ್ಗನ್‌ಶೈರ್ ಗಾಲ್ಫ್ ಕ್ಲಬ್‌ನಲ್ಲಿ ಪ್ರಯೋಗಿಸಿ, 1932ರ ಮೇ 16ರಂದು ಇಂಗ್ಲೆಂಡಿನ ವಾಲಸಿ ಕ್ಲಬ್‌ನಲ್ಲಿ ಈಗಿನ ರೂಪಕ್ಕೆ ಹತ್ತಿರವಾಗಿ ಆಡಿಸಿದ ಅಂಕಪದ್ಧತಿಯ ಉದ್ದೇಶವೂ ಇದೇ ಆಗಿತ್ತು: ಒಂದೆರಡು ಹೋಲ್ ಕೆಟ್ಟವೆಂದು ಆಟಗಾರರು ಕಾರ್ಡು ಹರಿಯುವುದನ್ನು ತಪ್ಪಿಸುವುದು. ಇನ್ನೂ ಹಿಂದೆ ಹೋದರೆ, ಸ್ಕಾಟ್ಲೆಂಡಿನ ಲೀತ್‌ನ ಆಟಗಾರರು 1744ರಲ್ಲಿ ಬರೆದಿಟ್ಟ ಹದಿಮೂರು ನಿಯಮಗಳು ಗೆದ್ದ ಹೋಲ್‌ಗಳನ್ನು ಎಣಿಸುವ ಮ್ಯಾಚ್ ಪ್ಲೇಗಾಗಿ ಬರೆದವು. ಅಲ್ಲಿ ಎದುರಾಳಿಗಿಂತ ಒಂದು ಹೊಡೆತ ಹೆಚ್ಚಾದರೂ ಹತ್ತು ಹೆಚ್ಚಾದರೂ ಕಳೆದುಕೊಳ್ಳುವುದು ಒಂದೇ ಹೋಲ್. ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇಯ ಉಲ್ಲೇಖ ಸಿಗುವುದು ಅದಾದ ಮೇಲೆ, 1759ರಲ್ಲಿ. ಪರಂಪರೆಯ ಹೆಸರಿನಲ್ಲಿ ಮಿತಿಯನ್ನು ವಿರೋಧಿಸುವವರು ಪರಂಪರೆಯ ಹೆಚ್ಚು ಹಳೆಯ ಭಾಗವನ್ನು ಮರೆತಿದ್ದಾರೆ ಎಂದು ನಾನು ಹೇಳುವುದು ಇದರಿಂದಲೇ.

ಈಗ ಅಂಕಿಯ ವಿಷಯಕ್ಕೆ ಬರೋಣ. 'ಪಾರ್‌ನ ಎರಡರಷ್ಟು' ಎಂಬ ಮಿತಿ ನೆನಪಿಡಲು ಸುಲಭ, ಸೂಚನಾ ಫಲಕದ ಮೇಲೆ ಒಂದೇ ಸಾಲಿನಲ್ಲಿ ಬರೆದುಬಿಡಬಹುದು, ಆದ್ದರಿಂದಲೇ ಸಮಿತಿಗಳ ಮನಸ್ಸು ಮೊದಲು ಅದರ ಕಡೆಗೆ ವಾಲುತ್ತದೆ. ಹ್ಯಾಂಡಿಕ್ಯಾಪ್ ಕಳೆದು ಬಹುಮಾನ ಕೊಡುವ ಪಂದ್ಯದಲ್ಲಿ ಅದು ಮಾಡುವ ಅನ್ಯಾಯ ಮಾತ್ರ ಮೇಲುನೋಟಕ್ಕೆ ಕಾಣಿಸುವುದಿಲ್ಲ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎಲ್ಲರಿಗೂ 54.0ರ ತನಕ ಹೋಗಬಹುದು. ಪಂದ್ಯಕ್ಕೆ 54 ಹೊಡೆತಗಳನ್ನು ಪಡೆದವರಿಗೆ ಪ್ರತಿ ಹೋಲ್‌ನಲ್ಲೂ ಮೂರು ಹೊಡೆತಗಳ ರಿಯಾಯಿತಿ ಇರುತ್ತದೆ. ಪಾರ್ 3ರ ಹೋಲ್‌ನಲ್ಲಿ ಪಾರ್‌ನ ಎರಡರಷ್ಟು ಎಂದರೆ ಆರು. ಅದರಲ್ಲಿ ಮೂರನ್ನು ಕಳೆದರೆ ಉಳಿಯುವುದು ಮೂರು. ಎಂದರೆ ಆ ಆಟಗಾರ ಚೆಂಡನ್ನು ಮೂರು ಸಲ ನೀರಿಗೆ ಹಾಕಿದರೂ ಪಾರ್‌ಗಿಂತ ಕೆಟ್ಟ ಸ್ಕೋರ್ ಅವನಿಗೆ ಸಾಧ್ಯವೇ ಇಲ್ಲ! ಪಾರ್ 4ರಲ್ಲಿ ಅವನ ಅತಿ ಕೆಟ್ಟ ಫಲ ಬೋಗಿ, ಪಾರ್ 5ರಲ್ಲಿ ಡಬಲ್ ಬೋಗಿ. ಇದೇ ಮಿತಿಯಡಿಯಲ್ಲಿ ಶೂನ್ಯ ಹ್ಯಾಂಡಿಕ್ಯಾಪ್‌ನ ಆಟಗಾರ ಪಾರ್ 3ರಲ್ಲಿ ಮೂರು, ಪಾರ್ 4ರಲ್ಲಿ ನಾಲ್ಕು, ಪಾರ್ 5ರಲ್ಲಿ ಐದು ಹೊಡೆತಗಳನ್ನು ಪಾರ್‌ನ ಮೇಲೆ ತೆರಬೇಕಾಗಬಹುದು. ಪಾರ್ 72ರ ಮೈದಾನದಲ್ಲಿ ಇಬ್ಬರೂ ಹದಿನೆಂಟೂ ಹೋಲ್‌ಗಳಲ್ಲಿ ಮಿತಿಯನ್ನು ಮುಟ್ಟಿದರೆ ಇಬ್ಬರ ಒಟ್ಟು ಸ್ಕೋರ್ 144. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಒಬ್ಬನದು 90, ಇನ್ನೊಬ್ಬನದು 144. ಹೀಗೆ ಯಾರೂ ಆಡುವುದಿಲ್ಲ, ನಿಜ. ಆದರೂ ಒಬ್ಬನ ಕಾಲ ಕೆಳಗೆ ಹಾಸಿದ ರಕ್ಷಣೆ ಇನ್ನೊಬ್ಬನಿಗೆ ಇಲ್ಲವೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ನಡುವಿನ ಹ್ಯಾಂಡಿಕ್ಯಾಪ್‌ನವರಲ್ಲೂ ಅಂತರ ಕಡಿಮೆಯೇ ಹೊರತು ಅದರ ದಿಕ್ಕು ಬದಲಾಗುವುದಿಲ್ಲ: 36 ಹೊಡೆತ ಪಡೆದವರು ಪಾರ್ 3ರಲ್ಲಿ ಬೋಗಿಗಿಂತ ಕೆಳಗೆ ಇಳಿಯಲಾರರು.

ಎಲ್ಲ ಹೋಲ್‌ಗೂ ಹತ್ತು ಎಂಬಂಥ ನಿಶ್ಚಿತ ಸಂಖ್ಯೆ ಇದಕ್ಕಿಂತ ಸೌಮ್ಯವಾದದ್ದು. ಆದರೆ ಅದು ಪಾರ್ 3ರಲ್ಲಿ ಯಾರನ್ನೂ ಮುಟ್ಟುವುದಿಲ್ಲವೆನ್ನುವಷ್ಟು ಸಡಿಲ, ಪಾರ್ 5ರಲ್ಲಿ ಹೆಚ್ಚು ಹ್ಯಾಂಡಿಕ್ಯಾಪ್‌ನವರಿಗೆ ಬಿಗಿ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಾಗಾದರೆ ಮೂರನೆಯ ಉದಾಹರಣೆಯಾದ, ಹ್ಯಾಂಡಿಕ್ಯಾಪ್ ಕಳೆದ ಮೇಲಿನ ಡಬಲ್ ಬೋಗಿಯೇ ಸರಿಯೇ? ನ್ಯಾಯದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ, ಎಲ್ಲರಿಗೂ ಒಂದೇ ಅಳತೆ. ತೊಡಕಿರುವುದು ಬೇರೆ ಕಡೆ. ಸ್ಟೇಬಲ್‌ಫರ್ಡ್ ಪದ್ಧತಿಯಲ್ಲಿ ಹ್ಯಾಂಡಿಕ್ಯಾಪ್ ಕಳೆದ ಸ್ಕೋರ್ ಪಾರ್‌ಗೆ ಸಮವಾದರೆ 2 ಅಂಕ, ಒಂದು ಕಡಿಮೆಯಾದರೆ 3, ಒಂದು ಹೆಚ್ಚಾದರೆ 1, ಎರಡು ಅಥವಾ ಅದಕ್ಕೂ ಹೆಚ್ಚಾದರೆ 0. ಎಂದರೆ ಅಂಕ ಸೊನ್ನೆಯಾಗುವ ಜಾಗವೂ ಈ ಮಿತಿಯೂ ಒಂದೇ. ಈ ಮಿತಿಯಡಿಯಲ್ಲಿ ಪಾರ್ 72ರ ಮೈದಾನದಲ್ಲಿ ಹ್ಯಾಂಡಿಕ್ಯಾಪ್ ಕಳೆದು 70 ತಂದವನು ಸ್ಟೇಬಲ್‌ಫರ್ಡ್‌ನಲ್ಲಿ 38 ಅಂಕ ತಂದಿರುತ್ತಾನೆ, 75 ತಂದವನು 33 ಅಂಕ ತಂದಿರುತ್ತಾನೆ. ಯಾರ ಕಾರ್ಡನ್ನು ತೆಗೆದುಕೊಂಡರೂ ಸ್ಥಾನ ಒಂದಿಷ್ಟೂ ಬದಲಾಗುವುದಿಲ್ಲ. ತಿಂಗಳ ಮೆಡಲ್ ಪಂದ್ಯವನ್ನು, ಎಂದರೆ ಕ್ಲಬ್ಬಿನ ಸ್ಟ್ರೋಕ್ ಪ್ಲೇ ಪಂದ್ಯವನ್ನು, ಹೀಗೆ ಆಡಿಸುವ ಕ್ಲಬ್ಬು ವಾಸ್ತವದಲ್ಲಿ ಸ್ಟೇಬಲ್‌ಫರ್ಡನ್ನೇ ಆಡಿಸುತ್ತಿರುತ್ತದೆ. ಅದಕ್ಕೆ ಮೆಡಲ್ ಎಂಬ ಹೆಸರಾದರೂ ಏಕೆ ಬೇಕು? ಜೊತೆಗೆ, ಟೀಯಿಂದ ಎರಡು ಚೆಂಡುಗಳನ್ನು ಎಲ್ಲೆಯಾಚೆ ಕಳಿಸಿ, ದಂಡದ ಹೊಡೆತಗಳೂ ಸೇರಿ ಐದನೆಯ ಹೊಡೆತಕ್ಕೆ ನಿಂತ ಶೂನ್ಯ ಹ್ಯಾಂಡಿಕ್ಯಾಪ್‌ನವನಿಗೆ ಪಾರ್ 4ರಲ್ಲಿ ಆರು ಎಂಬ ಮಿತಿಯಿದ್ದರೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಎಚ್ಚರಿಕೆಯ ಆಟಕ್ಕೆ ಬೆಲೆ ಇರಬೇಕಾದದ್ದೇ ಸ್ಟ್ರೋಕ್ ಪ್ಲೇಯಲ್ಲಿ.

ಆದ್ದರಿಂದ ನನ್ನ ಸಲಹೆ ಹ್ಯಾಂಡಿಕ್ಯಾಪ್ ಕಳೆದ ಮೇಲಿನ ಟ್ರಿಪಲ್ ಬೋಗಿ: ಪಾರ್, ಅದಕ್ಕೆ ಆ ಹೋಲ್‌ನಲ್ಲಿ ಆಟಗಾರನಿಗೆ ಸಿಗುವ ರಿಯಾಯಿತಿಯ ಹೊಡೆತಗಳು, ಅದರ ಮೇಲೆ ಮೂರು. ಹದಿನೆಂಟು ಹ್ಯಾಂಡಿಕ್ಯಾಪ್‌ನವರಿಗೆ ಪಾರ್ 4ರಲ್ಲಿ ಮಿತಿ ಎಂಟು, ಪಾರ್ 3ರಲ್ಲಿ ಏಳು. ಒಂದು ಹೋಲ್ ಎಷ್ಟೇ ಕೆಟ್ಟರೂ ಹ್ಯಾಂಡಿಕ್ಯಾಪ್ ಕಳೆದ ಮೇಲೆ ಯಾರೂ ಪಾರ್‌ನ ಮೇಲೆ ಮೂರಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ, ಮತ್ತು ಡಬಲ್ ಬೋಗಿಗೂ ಅದಕ್ಕಿಂತ ಕೆಟ್ಟದ್ದಕ್ಕೂ ನಡುವೆ ಒಂದು ಹೊಡೆತದ ವ್ಯತ್ಯಾಸ ಉಳಿದುಕೊಳ್ಳುತ್ತದೆ. ಆ ಒಂದು ಹೊಡೆತವೇ ಮೆಡಲ್ ಪಂದ್ಯವನ್ನು ಸ್ಟೇಬಲ್‌ಫರ್ಡ್‌ನಿಂದ ಬೇರೆಯಾಗಿ ಇಡುತ್ತದೆ. ಲೆಕ್ಕ ಕಷ್ಟವೆಂಬ ಆಕ್ಷೇಪಣೆಯನ್ನು ನಾನು ಹೆಚ್ಚು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಯಾವ ಹೋಲ್‌ನಲ್ಲಿ ಯಾರಿಗೆ ಎಷ್ಟು ಹೊಡೆತ ಎಂಬುದು ರಿಯಾಯಿತಿಯನ್ನು ಹೋಲ್‌ಗಳಿಗೆ ಹಂಚುವ ಕ್ರಮ ತೋರಿಸುವ ಸ್ಟ್ರೋಕ್ ಇಂಡೆಕ್ಸ್‌ನಿಂದ ಈಗಾಗಲೇ ತಿಳಿದಿರುವ ಸಂಗತಿ. ಮಿತಿಯ ಅಂಕಿಯನ್ನು ಪ್ರತಿಯೊಬ್ಬರ ಕಾರ್ಡಿನ ಮೇಲೆ ಹೋಲಿಗೊಂದರಂತೆ ಮುದ್ರಿಸಿ ಕೊಟ್ಟರೆ ಮೈದಾನದಲ್ಲಿ ಯಾರೂ ಕೂಡಿ ಕಳೆಯಬೇಕಾಗಿಲ್ಲ.

ಮಿತಿಯನ್ನು ಒಪ್ಪಿದವರಲ್ಲೂ ಕೆಲವು ಗೊಂದಲಗಳಿವೆ. ಹ್ಯಾಂಡಿಕ್ಯಾಪ್ ಲೆಕ್ಕಕ್ಕಾಗಿ ಕಾರ್ಡಿನ ಸ್ಕೋರನ್ನು ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆ ಡಬಲ್ ಬೋಗಿಗೆ ಇಳಿಸಿಕೊಳ್ಳುತ್ತದೆ, ಹ್ಯಾಂಡಿಕ್ಯಾಪ್ ಕಳೆದ ಮೇಲಿನ ಡಬಲ್ ಬೋಗಿಗೆ. ಅದು ಪಂದ್ಯ ಮುಗಿದ ಮೇಲೆ ಬೇರೆಯಾಗಿ ನಡೆಯುವ ಲೆಕ್ಕ. ಪಂದ್ಯದ ಫಲಿತಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ. ಮಿತಿಯಿಲ್ಲದ ಸಾಮಾನ್ಯ ಮೆಡಲ್‌ನಲ್ಲಿ ಒಂಬತ್ತು ಹೊಡೆದವನು 'ಹೇಗೂ ಏಳಕ್ಕೆ ಇಳಿಯುತ್ತದಲ್ಲ' ಎಂದು ಏಳು ಬರೆದು ಸಹಿ ಹಾಕಿದರೆ, ನಿಜಕ್ಕಿಂತ ಕಡಿಮೆ ಸ್ಕೋರ್ ಒಪ್ಪಿಸಿದ ಕಾರಣಕ್ಕೆ ಅನರ್ಹನಾಗುತ್ತಾನೆ. ಗರಿಷ್ಠ ಸ್ಕೋರ್ ಪಂದ್ಯದಲ್ಲಿ ಹಾಗಲ್ಲ: ಮಿತಿಯನ್ನು ಮುಟ್ಟಿದ ಹೋಲ್‌ನ ಚೌಕವನ್ನು ಖಾಲಿ ಬಿಡಬಹುದು, ಮಿತಿಯನ್ನೋ ಅದಕ್ಕಿಂತ ದೊಡ್ಡ ಅಂಕಿಯನ್ನೋ ಬರೆಯಬಹುದು, ಸರಿಪಡಿಸುವ ಹೊಣೆ ಸಮಿತಿಯದು. ಇನ್ನೊಂದು ಸೂಕ್ಷ್ಮವನ್ನು ಅನುಭವಸ್ಥರೂ ಗಮನಿಸುವುದಿಲ್ಲ. ಮಿತಿ ಎಂಟಾಗಿದ್ದು ಏಳು ಹೊಡೆತಗಳಲ್ಲಿ ಚೆಂಡು ಕುಳಿಗೆ ಬೀಳದಿದ್ದರೆ ಎಂಟನೆಯ ಹೊಡೆತವಾಗಿ ಗ್ರೀನ್ ಮೇಲೆ ಉರುಳಿಸುವ ಪಟ್‌ನಿಂದ ಏನೂ ಬದಲಾಗದು, ಚೆಂಡನ್ನು ಅಲ್ಲೇ ಎತ್ತಿಕೊಳ್ಳಬಹುದು. ಆ ಎಂಟನೆಯ ಪಟ್‌ನ ರೇಖೆಯನ್ನು ನಾಲ್ಕೂ ದಿಕ್ಕಿನಿಂದ ಕೂತು ನೋಡುವವರನ್ನು ಕಂಡಾಗ ನನಗೆ ನಗು ಬರುತ್ತದೆ, ಹಿಂದಿನ ಗುಂಪಿನವರಿಗೆ ಬರುವುದಿಲ್ಲ.

ವಿರೋಧಿಗಳ ವಾದದಲ್ಲಿ ಗೌರವಿಸಬೇಕಾದ ಅಂಶವೂ ಇದೆ. 1938ರ ಅಮೆರಿಕ ಓಪನ್‌ನಲ್ಲಿ, ಚೆರಿ ಹಿಲ್ಸ್ ಮೈದಾನದ ಪಾರ್ 4ರ ಹದಿನಾರನೆಯ ಹೋಲ್‌ನಲ್ಲಿ ರೇ ಐನ್ಸ್ಲಿ ತೊರೆಯೊಳಗಿನ ಚೆಂಡನ್ನು ದಂಡ ತೆತ್ತು ಹೊರತೆಗೆಯುವ ಬದಲು ಹೊಡೆಯುತ್ತಲೇ ಹೋಗಿ 19 ಬರೆಸಿಕೊಂಡರು. 1978ರ ಬ್ರಿಟಿಷ್ ಓಪನ್‌ನಲ್ಲಿ ಟಾಮಿ ನಕಾಜಿಮಾ ಸೇಂಟ್ ಆಂಡ್ರೂಸ್‌ನ ಹದಿನೇಳನೆಯ ಗ್ರೀನ್‌ನಿಂದ ಪಟ್ ಮಾಡಿದ ಚೆಂಡು ಬಂಕರ್ ಎಂಬ ಮರಳುಗುಂಡಿಗೆ ಉರುಳಿ, ಆ ಹೋಲ್ 9ರಲ್ಲಿ ಮುಗಿಯಿತು. 2011ರ ಟೆಕ್ಸಸ್ ಓಪನ್‌ನಲ್ಲಿ ಕೆವಿನ್ ನಾ ಪಾರ್ 4ರಲ್ಲಿ 16 ಹೊಡೆದರು. ಈ ಅಂಕಿಗಳನ್ನು ಕತ್ತರಿಸಿ 7 ಎಂದು ಬರೆದರೆ ಆ ಪಂದ್ಯಗಳು ತಮ್ಮ ಅರ್ಥವನ್ನೇ ಕಳೆದುಕೊಳ್ಳುತ್ತಿದ್ದವು, ಏಕೆಂದರೆ ಅತ್ಯುತ್ತಮ ಆಟಗಾರನನ್ನು ಗುರುತಿಸುವ ಪಂದ್ಯದಲ್ಲಿ ಅವನ ಅತಿ ಕೆಟ್ಟ ಗಳಿಗೆಯೂ ಪೂರ್ತಿ ಎಣಿಕೆಗೆ ಬರಬೇಕು. ಅದೇ ಕಾರಣಕ್ಕೆ ಕ್ಲಬ್ ಚಾಂಪಿಯನ್‌ಶಿಪ್ಪಿಗೂ, ಹ್ಯಾಂಡಿಕ್ಯಾಪ್ ಕಳೆಯದೆ ಕೊಡುವ ಬಹುಮಾನಗಳಿಗೂ ಮಿತಿ ಬೇಡವೆಂದೇ ನನ್ನ ಅಭಿಪ್ರಾಯ. ಒಂದೇ ದಿನದ ಒಂದೇ ಪಂದ್ಯದಲ್ಲಿ ಎರಡೂ ಬಹುಮಾನಗಳನ್ನು ಕೊಡುವ ರೂಢಿಯಿರುವ ಕ್ಲಬ್ಬುಗಳು ಮಿತಿ ತರುವ ಮೊದಲು ಅವನ್ನು ಬೇರ್ಪಡಿಸುವುದು ಒಳ್ಳೆಯದು. ಇಲ್ಲದಿದ್ದರೆ ವರ್ಷದ ಅತಿ ಕಡಿಮೆ ಸ್ಕೋರ್‌ನ ಬಹುಮಾನ ಒಂಬತ್ತನ್ನು ಏಳಾಗಿಸಿಕೊಂಡವನ ಪಾಲಾಗುವ ಸಂದರ್ಭ ಬಂದೇ ಬರುತ್ತದೆ, ಆಗ ನಡೆಯುವ ಜಗಳಕ್ಕೆ ಯಾವ ನಿಯಮಪುಸ್ತಕವೂ ಸಾಲದು.

ಯಾವುದೇ ಮಿತಿಯನ್ನು ಪಂದ್ಯ ಆರಂಭವಾಗುವ ಮೊದಲೇ, ಷರತ್ತುಗಳ ಜೊತೆಗೆ, ಬರಹದಲ್ಲಿ ಪ್ರಕಟಿಸಬೇಕು. ಮಳೆ ಬಂತು, ಹೊತ್ತಾಯಿತು ಎಂದು ನಡುವೆ ಘೋಷಿಸುವ ಮಿತಿಗೆ ಮೊದಲ ಗುಂಪಿನವರು ಒಪ್ಪಬೇಕಾದ ಕಾರಣವಿಲ್ಲ. ಒಂದು ಇಡೀ ಋತುವಿನ ಮೆಡಲ್ ಪಂದ್ಯಗಳನ್ನು ಹೀಗೆ ಆಡಿಸಿ, ಒಪ್ಪಿಸದೆ ಉಳಿದ ಕಾರ್ಡುಗಳು ಹಿಂದಿನ ಋತುವಿನಲ್ಲಿ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಸಮಿತಿಗಳು ತಮ್ಮ ದಾಖಲೆಗಳಿಂದಲೇ ಎಣಿಸಿ ಸದಸ್ಯರ ಮುಂದಿಡಲಿ. ಆ ಸಂಖ್ಯೆ ಇಳಿಯದಿದ್ದರೆ ಮಿತಿಯನ್ನು ತೆಗೆದುಹಾಕಲು ನಾನೇ ಕೈ ಎತ್ತುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಲಬ್ ಆಟಗಾರ